ಎರಡು ಪೆಡಲು, ಒಂದು ಕಾಲು

ಹೊಸ ಪೆಡಲು ಬಂದದ್ದು ಒಂದು ಮಂಗಳವಾರ ಸಂಜೆ. ನಮ್ಮ ಆರ್ಕೆಸ್ಟ್ರಾದ ಯಜಮಾನರು ಕೀಬೋರ್ಡು ರಿಪೇರಿಗೆಂದು ಬೆಂಗಳೂರಿಗೆ ಹೋಗಿದ್ದವರು ಬರುವಾಗ ಅದನ್ನೂ ತಂದಿದ್ದರು. ಸರಸ್ವತಿ ನಗರದಲ್ಲಿ ಅವರ ಮನೆಯ ಹಿಂದೆ ಒಂದು ತಗಡಿನ ಶೆಡ್ಡು ಇತ್ತು. ನಮ್ಮ ಅಭ್ಯಾಸವೆಲ್ಲ ಅಲ್ಲೇ. ನಾನು ವಿದ್ಯಾನಗರದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಐದೂವರೆಗೆ ರಿಜಿಸ್ಟರು ಮುಚ್ಚಿ ಸೈಕಲ್ ಹತ್ತಿದರೆ ಆರಕ್ಕೆ ಶೆಡ್ಡಿನಲ್ಲಿರುತ್ತಿದ್ದೆ. ಆ ದಿನ ಹೋದಾಗ ನಾನು ಕೂರುವ ಸ್ಟೂಲಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು.

"ನೋಡಪ್ಪಾ, ನಿನ್ನ ಕಾಲಿಗೆ ಹೊಸ ಚಪ್ಪಲಿ ತಂದೀನಿ," ಎಂದರು ಯಜಮಾನರು.

ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ದಾವಣಗೆರೆ ಜಿಲ್ಲೆಯಾದ ಹೊಸತು. ಮದುವೆಯ ಆರತಕ್ಷತೆಗೆ ಆರ್ಕೆಸ್ಟ್ರಾ ಇಡಿಸುವುದು ಆಗ ಸುತ್ತಲಿನವರಿಗೆ ದೊಡ್ಡ ಸಂಭ್ರಮ. ನಮ್ಮ ತಂಡದಲ್ಲಿ ಏಳು ಜನ. ನಾನು ಡ್ರಮ್ ಸೆಟ್ ಬಾರಿಸುವವನು.

ಡ್ರಮ್ ಸೆಟ್ಟನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು ಹೇಳಬೇಕು. ಕೈಯಲ್ಲಿ ಬಾರಿಸುವ ಸಣ್ಣ ಡ್ರಮ್ಮುಗಳ ಕೆಳಗೆ, ನೆಲದ ಮೇಲೆ, ಒಂದು ದೊಡ್ಡ ಡ್ರಮ್ಮನ್ನು ಮಗ್ಗುಲಾಗಿ ಇಟ್ಟಿರುತ್ತಾರೆ. ಅದು ಬೇಸ್ ಡ್ರಮ್. ಅದನ್ನು ಬಾರಿಸುವುದು ಬಲಗಾಲು. ಪಾದದ ಕೆಳಗೆ ಒಂದು ಲೋಹದ ಹಲಗೆ. ಒತ್ತಿದರೆ ಮೇಲಿನ ಸಣ್ಣ ಗಾಲಿ ತಿರುಗಿ, ಗಾಲಿಗೆ ಸಿಕ್ಕಿಸಿದ ಕೋಲಿನ ತುದಿಯಲ್ಲಿರುವ ಉಣ್ಣೆಯ ಉಂಡೆ ಹೋಗಿ 'ದಮ್' ಎಂದು ಬಡಿಯುತ್ತದೆ. ಕಾಲು ಸಡಿಲಿಸಿದರೆ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಇಷ್ಟೇ ಪೆಡಲು. ಹಾಡು ಕೇಳುವವರ ಗಮನ ಈ ದಮ್ಮಿನ ಕಡೆ ಹೋಗುವುದೇ ಇಲ್ಲ. ಆದರೆ ಹಾಡುವವರು, ಕೀಬೋರ್ಡಿನವರು, ಗಿಟಾರಿನವರು ಎಲ್ಲರೂ ಅದನ್ನೇ ನೆಚ್ಚಿಕೊಂಡು ನಡೆಯುತ್ತಾರೆ.

ನನ್ನ ಹಳೆಯ ಪೆಡಲು ಎರಕದ ಕಬ್ಬಿಣದ್ದು. ನನಗೆ ಡ್ರಮ್ ಕಲಿಸಿದ ಉಸ್ತಾದರು ಕೊಟ್ಟದ್ದು. ಅವರು ನಾಟಕ ಕಂಪನಿಯಲ್ಲಿದ್ದ ಕಾಲದಿಂದ ಬಳಸಿದ್ದು. ಹಲಗೆಯ ಮೇಲೆ ತಯಾರಿಸಿದವರ ಹೆಸರಿದ್ದಿರಬೇಕು, ಅವರ ಪಾದವೂ ನನ್ನ ಪಾದವೂ ತಿಕ್ಕಿ ತಿಕ್ಕಿ ಅಲ್ಲಿ ಬರೀ ನುಣುಪು ಉಳಿದಿತ್ತು. ಹಲಗೆಗೂ ಗಾಲಿಗೂ ನಡುವೆ ಚರ್ಮದ ಪಟ್ಟಿ. ಅದು ಹರಿದಾಗಲೆಲ್ಲ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಹೊಸ ಪಟ್ಟಿ ಕತ್ತರಿಸಿಕೊಂಡು ಬರುತ್ತಿದ್ದೆ. ಪ್ರತಿ ಬಡಿತಕ್ಕೂ ಮುಂಚೆ ಅದು ಸಣ್ಣಗೆ 'ಕಿರ್' ಎನ್ನುತ್ತಿತ್ತು. ಎಣ್ಣೆ ಬಿಟ್ಟರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರು.

ಹೊಸದರಲ್ಲಿ ಚರ್ಮದ ಬದಲು ಸೈಕಲ್ಲಿನದರಂಥದೇ ಚೈನು. ಹಲಗೆ ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ. ಸ್ಪ್ರಿಂಗು ಬಿಗಿ ಮಾಡಲು ಒಂದು ತಿರುಪು, ಕೋಲಿನ ಎತ್ತರಕ್ಕೆ ಒಂದು, ಓರೆಗೆ ಒಂದು. ಪೆಟ್ಟಿಗೆಯಿಂದ ತೆಗೆದು ಬೇಸ್ ಡ್ರಮ್ಮಿನ ಅಂಚಿನ ಬಳೆಗೆ ಕಚ್ಚಿಸಿ ಒಮ್ಮೆ ಒತ್ತಿದೆ. ಸದ್ದೇ ಇಲ್ಲದೆ ಹೋಗಿ ಬಡಿದು ಬಂತು. ಕಾಲಿಟ್ಟೆನೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಹಗುರ.

"ಹೆಂಗೈತೆ?" ಎಂದರು ಅಣ್ಣ.

"ಭಾಳ ಚಲೋ ಐತೆ ಅಣ್ಣಾ," ಎಂದೆ. ಸುಳ್ಳು ಹೇಳಲಿಲ್ಲ. ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಹಾಡು ಶುರುವಾಯಿತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಅಣ್ಣ ಕೈ ಎತ್ತಿ ನಿಲ್ಲಿಸಿದರು.

"ಯಾಕಪ್ಪಾ ಓಡ್ತೀಯ? ಹಾಡೋರು ಉಸಿರು ತಗಳ್ಳಾದು ಬ್ಯಾಡವಾ?"

ನಾನು ಓಡುತ್ತಿದ್ದೇನೆಂದು ನನಗೆ ಗೊತ್ತೇ ಆಗಿರಲಿಲ್ಲ. ಮತ್ತೆ ಶುರು ಮಾಡಿದೆವು, ಮತ್ತೆ ಓಡಿದೆ. ನಾನು ಒತ್ತಬೇಕೆಂದುಕೊಳ್ಳುವ ಮೊದಲೇ ಬಡಿತ ಬಿದ್ದಿರುತ್ತಿತ್ತು. ಸ್ಪ್ರಿಂಗು ಬಿಗಿ ಮಾಡಿದೆ. ಸಡಿಲ ಮಾಡಿದೆ. ಸ್ಟೂಲನ್ನು ಹಿಂದೆ ಸರಿಸಿದೆ. ಹೊಸದಲ್ಲವೇ, ಎರಡು ದಿನ ಕಳೆದರೆ ಸರಿಹೋಗುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದರು.

ಗುರುವಾರವೂ ಅದೇ ಆದಾಗ ನಾನು ಹಳೆಯ ಪೆಡಲನ್ನೇ ತೆಗೆದು ಕಚ್ಚಿಸಿದೆ. ಏಳು ವರ್ಷ ಬಾರಿಸಿದ ಪೆಡಲು. ತವರಿಗೆ ಬಂದ ಹಾಗಾಗುತ್ತದೆ ಎಂದುಕೊಂಡಿದ್ದೆ. ಹಾಡು ಶುರುವಾಯಿತು. ಈ ಸಲ ಅಣ್ಣ ಮೊದಲನೇ ಚರಣದಲ್ಲೇ ನಿಲ್ಲಿಸಿದರು.

"ಈಗ ಯಾಕ ಎಳೀತೀಯ?"

ಎಳೆಯುತ್ತಿದ್ದುದು ಹೌದು. ಪಾದದ ಕೆಳಗೆ ಯಾರೋ ಹಿಡಿದುಕೊಂಡಂತೆ. ಏಳು ವರ್ಷ ಹಾಡಿನ ನಡುವೆ ಗಮನಕ್ಕೇ ಬಾರದಿದ್ದ ಆ 'ಕಿರ್' ಈಗ ದಮ್ಮಿಗಿಂತ ಜೋರಾಗಿ ಕೇಳಿಸಿತು. ನಾನು ಅದಕ್ಕಾಗಿ ಕಾಯತೊಡಗಿದ್ದೆ. ಕಿರ್ ಬಂತು, ಈಗ ದಮ್ ಬರಬೇಕು, ಬಂತು. ಅಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು.

ಹೊಸದು ಓಡುತ್ತದೆ, ಹಳೆಯದು ಎಳೆಯುತ್ತದೆ. ಹೊಸದು ತಪ್ಪೆನ್ನೋಣವೆಂದರೆ ಹಳೆಯದೂ ಕೈಕೊಟ್ಟಿತ್ತು. ಹಳೆಯದು ಸವೆದಿದೆ ಎನ್ನೋಣವೆಂದರೆ ಹೋದ ವಾರದವರೆಗೆ ಸರಿಯಾಗೇ ಇತ್ತು. ಒಂದು ವಾರದಲ್ಲಿ ಕಬ್ಬಿಣ ಸವೆಯುತ್ತದೆಯೇ?

ಆ ದಿನಗಳಲ್ಲಿ ನಾನು ಎಂ.ಸಿ.ಸಿ. ಬಡಾವಣೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಊಟಕ್ಕೆ ಕೂತಾಗ ನನ್ನ ಬಲಗಾಲು ತನ್ನಷ್ಟಕ್ಕೆ ನೆಲ ಬಡಿಯುತ್ತಿತ್ತಂತೆ. "ಅದನ್ನ ನಿಲ್ಸು, ತಲೀ ಮೇಲೆ ಬಡಿದಂಗಾಗ್ತತಿ," ಎಂದು ಅಕ್ಕ ಬೈಯುತ್ತಿದ್ದಳು. ನಿಲ್ಲಿಸುತ್ತಿದ್ದೆ. ನಿಲ್ಲಿಸಿದ ಮೇಲೆ, ಈಗ ಬಡಿದದ್ದು ಓಡುವ ಬಡಿತವೋ ಎಳೆಯುವ ಬಡಿತವೋ ಎಂಬ ಯೋಚನೆ. ಮೆಟ್ಟಿಲು ಹತ್ತುವಾಗ ಬಲಗಾಲು ಯಾವ ಹೊತ್ತಿಗೆ ಊರುತ್ತದೆ ಎಂದು ನೋಡಲು ಹೋಗಿ ಎರಡು ಸಲ ಎಡವಿದೆ. ಕಚೇರಿಯಲ್ಲಿ ವ್ಯಾಸಂಗ ಪ್ರಮಾಣಪತ್ರಗಳಿಗೆ ಮೊಹರು ಒತ್ತುವ ಕೆಲಸ ನನ್ನದು. ಒಂದೊಂದು ಮೊಹರೂ ಸಮಯಕ್ಕೆ ಸರಿಯಾಗಿ ಬಿತ್ತೇ ಎಂದು ಕೇಳಿಸಿಕೊಳ್ಳುತ್ತಾ ಒಂದೇ ಪತ್ರಕ್ಕೆ ಮೂರು ಸಲ ಒತ್ತಿಬಿಟ್ಟೆ. ಮೇಲ್ವಿಚಾರಕರು ಪತ್ರವನ್ನೂ ನನ್ನನ್ನೂ ನೋಡಿ, "ಮೈಯಾಗ ಆರಾಮ ಐತಾ?" ಎಂದು ಕೇಳಿದರು.

ಆ ಭಾನುವಾರ ಎಂ.ಸಿ.ಸಿ. ಬಡಾವಣೆಯಲ್ಲೇ ಒಂದು ಆರತಕ್ಷತೆ ಇತ್ತು. ಹೊಸ ಪೆಡಲನ್ನೇ ತೆಗೆದುಕೊಂಡು ಹೋಗಿದ್ದೆ. ಮೊದಲೆರಡು ಹಾಡು ಹಲ್ಲು ಕಚ್ಚಿಕೊಂಡು ಸಾಗಿಸಿದೆ. ಮೂರನೆಯದು ಸ್ವಲ್ಪ ಚುರುಕಿನ ಹಾಡು. ನಡುವೆ ಎಲ್ಲೋ ನನ್ನ ಕಾಲು ಪೂರ್ತಿ ದಾರಿ ತಪ್ಪಿತು. ಹಾಡುತ್ತಿದ್ದ ಹೆಣ್ಣುಮಗಳು ಮೈಕು ಹಿಡಿದಂತೆಯೇ ಹಿಂದೆ ತಿರುಗಿ ನೋಡಿದಳು. ಎದುರಿಗೆ ಕೂತವರೂ ನೋಡಿದರು. ಅಣ್ಣ ನನ್ನ ಕಡೆ ನೋಡಲಿಲ್ಲ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರು, ಅಷ್ಟೇ. ಅದರೊಳಗಿಂದ ತಾಳ ಶುರುವಾಯಿತು. ದಮ್, ದಮ್, ದಮ್; ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಾಡಿನ ಉಳಿದ ಭಾಗ, ಅದರ ಮುಂದಿನ ಇನ್ನೊಂದು ಹಾಡು, ನಾನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಸಾಮಾನು ಕಟ್ಟುವಾಗ ಅಣ್ಣ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟರು. "ಬರೋ ಭಾನುವಾರ ಹರಿಹರದಾಗ ಪ್ರೋಗ್ರಾಂ ಐತೆ. ಅಷ್ಟರಾಗ ಯಾವ ಪೆಡಲು ಅಂತ ನೀನೇ ಗಟ್ಟಿ ಮಾಡ್ಕೋ. ಎರಡರಾಗ ಒಂದನ್ನ ಹಿಡಿ. ಇಲ್ಲಾಂದ್ರ ಆ ದಿನಕ್ಕ ಮಿಷನ್ನೇ ಹಾಕ್ತೀನಿ. ಬೇಜಾರು ಮಾಡ್ಕಬ್ಯಾಡ."

ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವರು ಬೈಯಲಿಲ್ಲ.

ಮಾರನೆಯ ದಿನ ಎರಡೂ ಪೆಡಲುಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಉಸ್ತಾದರ ಮನೆಗೆ ಹೋದೆ. ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ ಅವರ ಮನೆ. ಮೊಣಕಾಲು ಕೆಟ್ಟು ಬಾರಿಸುವುದನ್ನು ಬಿಟ್ಟು ವರ್ಷಗಳಾಗಿದ್ದವು. ಹೋಗುವ ದಾರಿಯುದ್ದಕ್ಕೂ ಅವರು ಏನು ಹೇಳುತ್ತಾರೆಂದು ನಾನೇ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಈಗಿನ ಸಾಮಾನು ಸಾಮಾನೇ ಅಲ್ಲ, ಹಳೆಯದನ್ನು ಬಿಡಬೇಡ ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ, ಗೊಂದಲ ಮುಗಿಯುತ್ತದೆ.

ಉಸ್ತಾದರು ಹೊಸ ಪೆಡಲನ್ನು ಕೈಯಲ್ಲಿ ಹಿಡಿದು ಚೈನನ್ನು ಬೆರಳಲ್ಲಿ ಆಡಿಸಿ ನೋಡಿದರು. ಗೋಡೆ ಬದಿಯ ತಗಡಿನ ಟ್ರಂಕನ್ನು ಎಳೆಯಲು ನನಗೆ ಹೇಳಿದರು. ಅದನ್ನು ಮಗ್ಗುಲಾಗಿ ನಿಲ್ಲಿಸಿ, ಮುಂದೆ ಪೆಡಲು ಇಟ್ಟುಕೊಂಡು, ಮಂಚದ ಅಂಚಿನಲ್ಲಿ ಕೂತು ಒತ್ತಿದರು. ಒಂದು ಸಲ, ಎರಡು ಸಲ, ಆಮೇಲೆ ನಿಲ್ಲಿಸಲೇ ಇಲ್ಲ. ಟ್ರಂಕಿನ ಸದ್ದಿಗೆ ಮನೆಯೆಲ್ಲ ಗದಗುಟ್ಟಿತು. ಅವರ ಮುಖ ಅರಳಿತ್ತು.

"ಅರೆ, ಮಖ್ಖನ್ ಐತಲ್ಲೋ ಇದು! ಬೆಣ್ಣಿ! ಎಲ್ಲಿಂದ ತಂದ್ರು?"

"ಉಸ್ತಾದ್, ಹಂಗಾದ್ರ ಹಳೇದು?"

"ಅದಾ? ಅದರ ಜೊತಿ ಜಗಳ ಆಡೀ ಆಡೀನೇ ನನ್ನ ಮೊಣಕಾಲು ಹೋತು ಬೇಟಾ."

"ಮತ್ತ ನನಗ್ಯಾಕ ಕೊಟ್ರಿ ಅದನ್ನ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನನ್ ಹತ್ರ ಇದ್ದಿದ್ದು ಅದೊಂದೇ ಅಲ್ವೇನೋ."

ಹಳೆಯದನ್ನೂ ಒಮ್ಮೆ ಬಾರಿಸಿ ತೋರಿಸಿ ಎಂದು ಕೇಳಿಕೊಂಡೆ. ಬಾರಿಸಿದರು. ಕಿರ್ ಎನ್ನುತ್ತಲೇ ಅದೂ ಅಷ್ಟೇ ನೆಟ್ಟಗೆ ಬಿತ್ತು. ಓಡಲಿಲ್ಲ, ಎಳೆಯಲಿಲ್ಲ. ಎರಡಕ್ಕೂ ನೀವು ಕಾಲಲ್ಲಿ ಏನು ಬೇರೆ ಮಾಡುತ್ತೀರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ಪಾದವನ್ನೇ ನೋಡಿಕೊಂಡರು.

"ಏನ್ ಫರಕ್? ಏನೂ ಮಾಡಲ್ಲಪ್ಪ. ಒತ್ತೋದು, ಬಿಡೋದು." ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ನೋಡು, ನನಗ ಬಾರ್ಸಾದು ಗೊತ್ತು. ಯಾಕ, ಹೆಂಗ ಅಂತ ಹೇಳಾಕ ಬರಲ್ಲ. ಹರಿಹರದಾಗ ಕಬ್ಬಿಣ ಕಡೆಯೋ ಟರ್ನರ್ ಒಬ್ರು ಅದಾರ. ಹಳೇದರ ಗಾಲಿ ಒಂದ್ಸಲ ಮುರಿದಾಗ ಅವರೇ ಹೊಸಾದು ಮಾಡಿ ಕೊಟ್ಟಿದ್ದು. ಅವರ ಹತ್ರ ತಗೊಂಡು ಹೋಗು. ಯಂತ್ರದ ವಿಷ್ಯ ಯಂತ್ರದವರೇ ಹೇಳಬೇಕು."

ಗುರುವಾರ ರಜೆ ಹಾಕಿ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ. ಚೀಲ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಒಳಗೆ ಎರಡೂ ಪೆಡಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಟರ್ನರ್ ಐವತ್ತು ದಾಟಿದವರು. ಒಂದು ಕಾರ್ಖಾನೆಯಲ್ಲಿ ಕೆಲಸ; ಆ ವಾರ ಎರಡನೇ ಪಾಳಿಯಾದ್ದರಿಂದ ಬೆಳಿಗ್ಗೆ ಮನೆಯಲ್ಲಿದ್ದರು. ಮನೆಗೆ ತಾಗಿದಂತೆ ಕಟ್ಟಿಕೊಂಡ ಕೋಣೆಯಲ್ಲಿ ಲೋಹವನ್ನು ತಿರುಗಿಸಿ ಕಡೆಯುವ, ಅವರದೇ ಒಂದು ಸಣ್ಣ ಲೇತ್ ಯಂತ್ರ. ಉಸ್ತಾದರ ಹೆಸರು ಹೇಳಿದ ಕೂಡಲೇ, "ಬರ್ರಿ, ಕೂಡ್ರಿ," ಎಂದು ಸ್ಟೂಲು ಎಳೆದರು. ಒಳಗಿನಿಂದ ಅವರ ಮನೆಯಾಕೆ ಚಹಾ ತಂದುಕೊಟ್ಟರು.

ನಾನು ಇದ್ದದ್ದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡು, "ನನಗ ಹಾಡು ಗೀಡು ತಿಳಿಯಂಗಿಲ್ಲ. ಅಳತಿ ತಿಳೀತತಿ," ಎಂದು ಕನ್ನಡಕ ಹಾಕಿಕೊಂಡರು. ಎರಡೂ ಪೆಡಲುಗಳನ್ನು ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು ಒಂದೊಂದನ್ನೇ ಬಿಚ್ಚಿದರು. ಹೊಸದರ ಗಾಲಿಯನ್ನು ಅಳತೆ ತೆಗೆಯುವ ವರ್ನಿಯರ್‌ನಲ್ಲಿ ಹಿಡಿದು ನೋಡಿ, "ಪಕ್ಕಾ ರೌಂಡ್," ಎಂದರು. ಹಳೆಯದರ ಗಾಲಿ ಹಿಡಿದರು. ತಿರುಗಿಸಿ ಹಿಡಿದರು. ಬಟ್ಟೆಯಿಂದ ಒರೆಸಿ ಮತ್ತೊಮ್ಮೆ ಹಿಡಿದರು. ಚಹಾ ಆರಿಹೋಯಿತು.

"ಇದು ರೌಂಡ್ ಇಲ್ಲ," ಎಂದರು ಕೊನೆಗೆ. "ಒಂದು ಕಡಿ ಜಾಸ್ತಿ, ಒಂದು ಕಡಿ ಕಮ್ಮಿ. ಅದಕ್ಕ ನಿಮ್ಮ ಕೋಲು ಮೊದ್ಲು ಮೆಲ್ಲಕ ಹೊಂಟು ಕಡೀಕ ಜೋರಾಗಿ ಹೋಗ್ತತಿ. ಹೊಸಾದು ಹಂಗಲ್ಲ, ಹೊಂಟಾಗಿಂದ ಮುಟ್ಟಾತನ ಒಂದೇ ಸಮ."

ನನಗೆ ಎದೆ ಹಗುರಾಯಿತು. ಅಂತೂ ಕಾರಣ ಸಿಕ್ಕಿತಲ್ಲ. ಆದರೆ ಅವರ ಮುಖ ಗಂಟಿಕ್ಕಿತ್ತು. ಗಾಲಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು.

"ಇದನ್ನ ಮಾಡಿದೋನು ನಾನು," ಎಂದರು. "ಸವೆದು ಹಿಂಗಾತೋ, ನಾನೇ ಹಿಂಗ ಮಾಡಿದ್ನೋ? ನಾನು ರೌಂಡ್ ಅಲ್ಲದ್ದು ಮಾಡೋನಲ್ಲ. ಸವೆದಿದ್ರ ಪಟ್ಟಿ ಕೂಡೋ ಕಡಿ ಸವೀಬೇಕು. ಇದು ಅದರ ಎದುರಿಗೆ ಕಮ್ಮಿ ಐತೆ. ಏನಿದು?"

ಈಗ ಗೊಂದಲದಲ್ಲಿ ಬಿದ್ದವರು ಇಬ್ಬರಾದೆವು. ಅವರು ಗಾಲಿ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಇರ್ಲಿ ಬಿಡ್ರಿ. ಈಗ ನೀವು ಹೇಳ್ರಿ. ಯಾವ್ದು ಸರಿ? ಹೊಸಾದು ಸರಿ ಅಂದ್ರ ಹಳೇದನ್ನ ಲೇತಿಗೆ ಹಾಕಿ ರೌಂಡ್ ಮಾಡ್ತೀನಿ. ಹಳೇದು ಸರಿ ಅಂದ್ರ ಹೊಸಾದನ್ನ ಇದರಂಗ ಉಜ್ಜಿ ಕೊಡ್ತೀನಿ. ಎರಡೂ ಒಂದೇ ಆಗ್ತಾವ, ನಿಮ್ಮ ತಲಿಬ್ಯಾನಿ ಹೋಗ್ತತಿ."

ಏಳು ವರ್ಷ ನೆಟ್ಟಗೆ ಬಾರಿಸಿದ್ದು ಆ ಸೊಟ್ಟ ಗಾಲಿಯಲ್ಲಿ. ಅದೇ ಸರಿ ಎನ್ನಲೇ? ಆದರೆ ಈಗ ಅದರಲ್ಲೂ ಬರುತ್ತಿಲ್ಲ. ಉಸ್ತಾದರು ಹೊಸದನ್ನು ಬೆಣ್ಣೆ ಎಂದಿದ್ದಾರೆ. ಅದೇ ಸರಿ ಎನ್ನಲೇ? ಅದರಲ್ಲಿ ನಾನು ಓಡುತ್ತೇನೆ.

"ಗೊತ್ತಾಗ್ತಿಲ್ಲ ಯಜಮಾನ್ರೇ," ಎಂದೆ.

"ಗೊತ್ತಾಗ್ತಿಲ್ಲ ಅಂದ್ರ? ಬಾರ್ಸೋರು ನೀವಲ್ಲೇನ್ರಿ?" ಅವರ ದನಿಯಲ್ಲಿ ಸ್ವಲ್ಪ ಬೇಸರವಿತ್ತು. "ಒಂದು ಅಳತಿ ಕೊಟ್ರ ಇನ್ನೊಂದನ್ನ ಅದಕ್ಕ ತರಬಹುದು. ಎರಡೂ ಗೊತ್ತಿಲ್ಲ ಅಂದ್ರ ನಾನೇನ್ ಮಾಡ್ಲಿ?"

ಕೊನೆಗೆ ಅವರೇ ಒಂದು ಉಪಾಯ ಹೇಳಿದರು. ಕೋಣೆಯ ಮೂಲೆಯಲ್ಲಿದ್ದ ಖಾಲಿ ಎಣ್ಣೆ ಪೀಪಾಯಿಯನ್ನು ಅಡ್ಡ ಹಾಕಿ, ತಳಕ್ಕೆ ಗೋಣಿತಾಟು ಕಟ್ಟಿ, ಮುಂದೆ ಎರಡೂ ಪೆಡಲುಗಳನ್ನು ಮತ್ತೆ ಜೋಡಿಸಿ ಅಕ್ಕಪಕ್ಕ ಕೂರಿಸುವುದು. ನಾನು ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಬಾರಿಸುವುದು. ಅವರ ಮನೆಯಾಕೆ ಒಳಗೆ ಅಡುಗೆಮನೆಯಲ್ಲಿ ಕೂತು, ನೋಡದೆ, ಯಾವುದು ಚೆನ್ನಾಗಿದೆ ಎಂದು ಹೇಳುವುದು.

"ನನಗೇನ್ ತಿಳೀತತ್ರಿ ಅದ್ರಾಗ?" ಎಂದರು ಆಕೆ.

"ತಿಳೀದಿರೋರೇ ಬೇಕು ನಮಗ," ಎಂದರು ಟರ್ನರ್.

ಹೀಗೆ ಒಂದು ತಾಸು ನಡೆಯಿತು. ನಾನು ಪಾದವನ್ನೇ ದಿಟ್ಟಿಸುತ್ತಾ ಬಾರಿಸುವುದು, ಟರ್ನರ್ "ಹೆಂಗಿತ್ತು?" ಎಂದು ಕೂಗುವುದು, ಒಳಗಿನಿಂದ "ಹಂಗೇ ಇತ್ತು" ಎಂಬ ಉತ್ತರ. ಪೆಡಲು ಬದಲಿಸುವುದು, ಮತ್ತೆ ಬಾರಿಸುವುದು, ಮತ್ತೆ "ಅದೂ ಹಂಗೇ ಇತ್ತು". ಒಮ್ಮೆ "ಇದು ಸುಮಾರು" ಎಂದರು; ಅದು ಹಳೆಯದು. ಇನ್ನೊಮ್ಮೆಯೂ "ಸುಮಾರು" ಎಂದರು, ಅದು ಹೊಸದು. ನಡುನಡುವೆ ಒಗ್ಗರಣೆಯ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸದೆ ನಾವು ಮತ್ತೆ ಬಾರಿಸಬೇಕಾಗುತ್ತಿತ್ತು.

ಸುಸ್ತಾಗಿ ನಿಲ್ಲಿಸಿದೆವು. ಟರ್ನರ್ ಬೀಡಿ ಹಚ್ಚಿ, ನಮ್ಮ ತಂಡದ ಬಗ್ಗೆ, ಕಾಲೇಜಿನ ಕೆಲಸದ ಬಗ್ಗೆ ಕೇಳಿದರು. ನಾನು ಏನೇನೋ ಹೇಳುತ್ತಾ ಕೂತೆ. ಆಗ ಮನೆಯಾಕೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು.

"ಈಗ ಬಾರ್ಸಿದ್ರಲ್ಲ, ಇದು ಚೊಲೋ ಇತ್ತು ನೋಡ್ರಿ. ಇದನ್ನೇ ಇಟ್ಕಳ್ರಿ."

"ಯಾವಾಗ?" ಎಂದೆ.

"ಈಗ, ಮಾತಾಡ್ತಿದ್ರಲ್ಲ, ಆವಾಗ. ಎಷ್ಟು ಹದವಾಗಿ ಬೀಳ್ತಿತ್ತು! ಯಾವ್ದು ಅದು?"

ನಾನೂ ಟರ್ನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾತಾಡುತ್ತಾ ನಾನು ಬಾರಿಸುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೆಳಗೆ ನೋಡಿದರೆ ಎರಡೂ ಪೆಡಲುಗಳು ಪೀಪಾಯಿಯ ಮುಂದೆ ಅಕ್ಕಪಕ್ಕ ಇದ್ದವು. ನಾನು ಆಗಲೇ ಕಾಲು ಹಿಂದಕ್ಕೆಳೆದುಕೊಂಡು ಎದ್ದು ನಿಂತಿದ್ದೆ. ಟರ್ನರ್ ಬೀಡಿ ಕೈಯಲ್ಲಿ ಹಿಡಿದುಕೊಂಡೇ, "ನೀವು ನೋಡ್ಲಿಲ್ಲೇನ್ರಿ?" ಎಂದರು. "ನೀವು?" ಎಂದೆ. "ನಾನು ನಿಮ್ಮ ಮಾತು ಕೇಳ್ತಿದ್ದೆ," ಎಂದರು. ಕಿರ್ ಎನ್ನುವ ಸದ್ದಿತ್ತೇ ಎಂದು ಆಕೆಯನ್ನು ಕೇಳಿದೆ. ಕುಕ್ಕರಿನ ಸದ್ದಿನಲ್ಲಿ ಅದೆಲ್ಲ ತಿಳಿಯಲಿಲ್ಲ ಎಂದರು.

ಮತ್ತೆ ಸ್ಟೂಲಿನ ಮೇಲೆ ಕೂತು, ಮಾತಾಡುವವನಂತೆ ನಟಿಸುತ್ತಾ ಬಾರಿಸಿದೆ. ಆಕೆ ತಲೆಯಾಡಿಸಿದರು. "ಹಂಗಲ್ಲ. ಅದು ಬ್ಯಾರೇನೇ ಇತ್ತು."

ಅಲ್ಲೇ ಊಟ ಹಾಕಿಸಿ ಕಳಿಸಿದರು. ಹೊರಡುವಾಗ ಟರ್ನರ್ ಹಳೆಯ ಪೆಡಲನ್ನು ಬಿಟ್ಟುಹೋಗಲು ಹೇಳಿದರು. ಆ ಗಾಲಿ ಅವರ ತಲೆ ಕೊರೆಯುತ್ತಿತ್ತು. ಹೊಸದು ಅಣ್ಣನದು, ಬಿಟ್ಟುಬರುವ ಹಾಗಿರಲಿಲ್ಲ. ಭಾನುವಾರಕ್ಕೆ ಯಾವ ಪೆಡಲು ಎಂಬುದು ಹೀಗೆ ತೀರ್ಮಾನವಾಯಿತೇ ಹೊರತು ನಾನು ತೀರ್ಮಾನಿಸಿದ್ದಲ್ಲ. ಶುಕ್ರವಾರ ಅಣ್ಣನಿಗೆ "ಹೊಸಾದು" ಎಂದೆ. ಅವರು ಸಂತೋಷದಿಂದ, "ನಾನು ಅಂದಿರಲಿಲ್ವಾ?" ಎಂದರು. ಅವರು ಹಾಗೇನೂ ಅಂದಿರಲಿಲ್ಲ.

ಭಾನುವಾರ ಸಂಜೆ ಹರಿಹರದ ಕಲ್ಯಾಣ ಮಂಟಪಕ್ಕೆ ಹೋಗಿ ಸಾಮಾನು ಜೋಡಿಸಿ ತಲೆಯೆತ್ತಿದರೆ, ಮೊದಲ ಸಾಲಿನ ಕುರ್ಚಿಯಲ್ಲಿ ಟರ್ನರ್ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ಮನೆಯಾಕೆ. ಮದುವೆ ಹುಡುಗಿಯ ತಂದೆ ಅವರ ಕಾರ್ಖಾನೆಯವರೇ ಅಂತೆ. ಟರ್ನರ್ ನನಗೆ ಕೈ ಬೀಸಲಿಲ್ಲ. ನನ್ನ ಕಾಲನ್ನು ನೋಡುತ್ತಿದ್ದರು.

ಹಾಡು ಶುರುವಾಯಿತು. ಯಾರಾದರೂ ನಿಮ್ಮ ಪಾದವನ್ನೇ ಒಂದೇ ಸಮನೆ ನೋಡುತ್ತಾ ಕೂತರೆ ಹೇಗಿರುತ್ತದೆಂದು ಹೇಳುವುದು ಕಷ್ಟ. ಆ ಪಾದ ನನ್ನದಲ್ಲವೇನೋ, ಅವರ ಬೆಂಚಿನ ಮೇಲಿರುವ ಇನ್ನೊಂದು ಭಾಗವೇನೋ ಅನ್ನಿಸುತ್ತಿತ್ತು. ಆದರೂ ಎಲ್ಲೂ ನಿಲ್ಲಲಿಲ್ಲ. ಅಣ್ಣನ ಕೈ ಗುಂಡಿಯ ಕಡೆ ಹೋಗುತ್ತದೆಯೇ ಎಂದು ನಾನು ನೋಡುತ್ತಲೇ ಇದ್ದೆ. ಹೋಗಲಿಲ್ಲ.

ನಡುವೆ ವಧೂವರರಿಗೆ ಉಡುಗೊರೆ ಕೊಡುವ ಹೊತ್ತಿಗೆ ನಮಗೆ ಬಿಡುವು ಸಿಕ್ಕಿತು. ಟರ್ನರ್ ಎದ್ದು ವೇದಿಕೆಯ ಪಕ್ಕಕ್ಕೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ನನ್ನ ಹಳೆಯ ಪೆಡಲು, ಉಜ್ಜಿ ತೊಳೆದು ಫಳಫಳ ಎನ್ನುತ್ತಿತ್ತು.

"ಗಾಲಿ ರೌಂಡ್ ಮಾಡೀನಿ. ಅದು ತಿರುಗೋ ತೂತಿಗೆ ಹೊಸ ಬುಶ್ ಹಾಕೀನಿ. ಈಗ ಸದ್ದು ಬರಂಗಿಲ್ಲ," ಎಂದರು. "ಸೊಟ್ಟ ಇದ್ದಿದ್ದನ್ನ ಮನಿಯಾಗ ಇಟ್ಕಂಡು ನಿದ್ದಿ ಬರಲಿಲ್ರಿ. ಈಗ ಇದನ್ನ ಹಾಕಿ ಬಾರ್ಸ್ರಿ, ನೋಡಾಣ."

ಅವರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅಣ್ಣ ಯಾರೊಂದಿಗೋ ಮಾತಾಡುತ್ತಿದ್ದಾಗ ಬದಲಿಸಿಬಿಟ್ಟೆ. ಪಾದವಿಟ್ಟು ಒತ್ತಿದೆ. ಕಿರ್ ಇಲ್ಲ. ಹಿಡಿದೆಳೆದಂತೆಯೂ ಇಲ್ಲ. ಹಲಗೆಯ ನುಣುಪು ಮಾತ್ರ ಗುರುತು ಸಿಕ್ಕಿತು. ಇದು ಈಗ ಹಳೆಯ ಪೆಡಲೋ ಹೊಸ ಪೆಡಲೋ ಎಂದು ಕೇಳಿಕೊಳ್ಳುವಷ್ಟರಲ್ಲಿ ಮುಂದಿನ ಹಾಡಿಗೆ ಎಣಿಕೆ ಶುರುವಾಗಿತ್ತು.

ಆಮೇಲಿನ ಐದಾರು ಹಾಡುಗಳ ನೆನಪು ನನಗೆ ಅಷ್ಟಾಗಿ ಇಲ್ಲ. ಮುಗಿದ ಮೇಲೆ ನಾನು ಒಬ್ಬೊಬ್ಬರನ್ನೇ ಕೇಳಿದೆ, ಮೊದಲರ್ಧ ಚೆನ್ನಾಗಿತ್ತೋ ಎರಡನೆಯದೋ ಎಂದು. ಅಣ್ಣ, "ಮೊದಲರ್ಧ, ಅನುಮಾನವೇ ಇಲ್ಲ," ಎಂದರು. ಹಾಡಿದ ಹೆಣ್ಣುಮಗಳು, "ಎರಡನೇ ಅರ್ಧದಾಗ ನನಗ ಆರಾಮಾಗಿ ಹಾಡಾಕ ಆತು," ಎಂದಳು. ಗಿಟಾರಿನವನಿಗೆ ಎರಡು ಅರ್ಧಗಳಿದ್ದವು ಎಂಬುದೇ ಗೊತ್ತಿರಲಿಲ್ಲ. ಟರ್ನರ್‌ರ ಮನೆಯಾಕೆ, ತಟ್ಟೆ ಲೋಟದ ಗದ್ದಲದ ನಡುವೆ ತಾವು ಪಕ್ಕದವರೊಂದಿಗೆ ಮಾತಾಡುತ್ತಿದ್ದುದಾಗಿ ನಾಚಿಕೊಂಡು ಹೇಳಿದರು.

ಟರ್ನರ್‌ರನ್ನು ಕೊನೆಗೆ ಕೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಯೋಚಿಸಿದರು.

"ನಾನು ಕಾಲೇ ನೋಡ್ತಿದ್ನಲ್ರಿ, ಕೇಳಿಸ್ಕಳ್ಳಾದು ಮರ್ತೇಬಿಟ್ಟೆ. ಆದ್ರ ಒಂದು ಹೇಳ್ತೀನಿ. ಹೊಸಾದರಾಗ ನಿಮ್ಮ ಹಿಮ್ಮಡಿ ಮ್ಯಾಲೆ ಇರ್ತಿತ್ತು. ಹಳೇದರಾಗ ಕೆಳಗ ಇರ್ತಿತ್ತು. ಯಾವ್ದು ಸರಿ?"

ನನಗೆ ಗೊತ್ತಿರಲಿಲ್ಲ. ಉಸ್ತಾದರನ್ನು ಕೇಳಿ ಹೇಳುತ್ತೇನೆ ಎಂದೆ. ಉಸ್ತಾದರನ್ನು ಕೇಳಿದಾಗ ಅವರು, ತಾವು ನಲವತ್ತು ವರ್ಷ ಬಾರಿಸಿದರೂ ಹಿಮ್ಮಡಿಯನ್ನು ನೋಡಿಕೊಂಡಿಲ್ಲ ಎಂದರು.

ಆ ಓಡುವುದೂ ಎಳೆಯುವುದೂ ಒಂದೆರಡು ತಿಂಗಳಲ್ಲಿ ನಿಂತುಹೋಯಿತು. ಯಾವ ದಿನ ನಿಂತಿತು ಎಂದು ಹೇಳಲಾರೆ. ಬಿಕ್ಕಳಿಕೆ ನಿಂತ ಗಳಿಗೆಯನ್ನು ಯಾರೂ ಗುರುತಿಟ್ಟುಕೊಂಡಿರುವುದಿಲ್ಲವಲ್ಲ, ಹಾಗೆ. ಟರ್ನರ್ ಗಾಲಿ ಸರಿಮಾಡಿದ್ದರಿಂದಲೋ, ಕಾಲು ಹೊಸದಕ್ಕೆ ಒಗ್ಗಿದ್ದರಿಂದಲೋ, ಅಷ್ಟು ಜನರನ್ನು ಕೇಳಿ ಕೇಳಿ ನನಗೇ ಬೇಸರ ಬಂದದ್ದರಿಂದಲೋ. ಕೆಲವು ದಿನ ಒಂದು ಪೆಡಲು, ಕೆಲವು ದಿನ ಇನ್ನೊಂದು; ವ್ಯಾನಿನಲ್ಲಿ ಯಾವ ಚೀಲ ಮೇಲಿರುತ್ತದೋ ಅದು. ಹರಿಹರದಲ್ಲಿ ಕಾರ್ಯಕ್ರಮವಿದ್ದರೆ ಟರ್ನರ್‌ಗೆ ಕಾಗದ ಹಾಕುತ್ತಿದ್ದೆ. ಪಾಳಿ ಇಲ್ಲದಿದ್ದರೆ ಬರುತ್ತಿದ್ದರು.

ಎರಡು ವರ್ಷದ ನಂತರ ಅಣ್ಣ ಹೊಸ ಕೀಬೋರ್ಡು ತಂದರು. ಅದರೊಳಗಿನ ತಾಳ ಎಷ್ಟು ಚೆನ್ನಾಗಿತ್ತೆಂದರೆ ನಾನೇ ಮೆಚ್ಚಿಕೊಂಡೆ. ದೊಡ್ಡ ಕಾರ್ಯಕ್ರಮಗಳಿಗೆ ಮಾತ್ರ ನನ್ನನ್ನು ಕರೆದರು, ಆಮೇಲೆ ಅದೂ ಕಡಿಮೆಯಾಯಿತು. ಅಷ್ಟರಲ್ಲಿ ನನಗೆ ಮದುವೆಯಾಗಿ, ಕಚೇರಿಯಲ್ಲಿ ಬಡ್ತಿ ಸಿಕ್ಕಿ, ಸಂಜೆಗಳು ಬೇರೆ ಕೆಲಸಕ್ಕೆ ಹೋಗುತ್ತಿದ್ದವು. ದುಃಖವಾಯಿತೇ ಎಂದರೆ ಆಯಿತು. ಆದರೆ ನಾನು ಅಂದುಕೊಂಡಿದ್ದಷ್ಟಲ್ಲ. ಅದೂ ಯಾಕೆಂದು ಸರಿಯಾಗಿ ಗೊತ್ತಿಲ್ಲ.

ಈಗ ಡ್ರಮ್ ಕಲಿಯುವವರು ಒಮ್ಮೊಮ್ಮೆ ಬಂದು ಯಾವ ಪೆಡಲು ಕೊಳ್ಳಬೇಕು, ಹಳೆಯ ಕಾಲದ್ದೇ ಒಳ್ಳೆಯದಂತೆ, ಹೌದೇ ಎಂದು ಕೇಳುತ್ತಾರೆ. ಎರಡರಲ್ಲೂ ಒಂದೊಂದು ವಾರ ಬಾರಿಸಿ ನೋಡಿ ಎನ್ನುತ್ತೇನೆ. ಹೇಳಿ ಕಳಿಸಿದ ಮೇಲೆ, ಹಾಗೆ ಹೇಳಬಾರದಿತ್ತೇನೋ, ಸುಮ್ಮನೆ ಒಂದರ ಹೆಸರು ಹೇಳಿಬಿಡಬೇಕಿತ್ತೇನೋ ಎಂದು ಸ್ವಲ್ಪ ಹೊತ್ತು ಅನ್ನಿಸುತ್ತಿರುತ್ತದೆ.